ಬದಲಿ ಇಲ್ಲದ ಡ್ಯೂಟಿ

‘ಬರ್ನ್‌ಔಟ್’ ಅನ್ನೋ ಮಾತು ಈಗ ನಮ್ಮ ಆಫೀಸುಗಳಲ್ಲಿ ಕಾಫಿಯಷ್ಟೇ ಸಲೀಸು. ರಿಲೀಸ್ ಮುಗಿದ ವಾರ ಯಾರಾದರೂ ಹಾಗಂದರೆ ಮ್ಯಾನೇಜರ್ ಕೂಡ ತಲೆಯಾಡಿಸಿ ಎರಡು ದಿನ ರಜೆ ಕೊಡ್ತಾರೆ. ಪದಕ್ಕೆ ವಯಸ್ಸು ಹೆಚ್ಚಿಲ್ಲ. 1974ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, ಉಚಿತ ಚಿಕಿತ್ಸಾಲಯಗಳಲ್ಲಿ ದುಡಿದು ದುಡಿದು ಬತ್ತಿಹೋದವರನ್ನು ನೋಡಿ ಇದರ ಬಗ್ಗೆ ಬರೆದರು. ಅವರಲ್ಲಿ ಬಹಳಷ್ಟು ಮಂದಿ ಸ್ವಯಂಸೇವಕರು. ಅಂದರೆ ಇದು ಮೊದಲು ಕಣ್ಣಿಗೆ ಬಿದ್ದದ್ದೇ ಸಂಬಳ ಇಲ್ಲದೆ ದುಡಿಯುವವರಲ್ಲಿ. ಆದರೆ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಪದವನ್ನು ವಿವರಿಸುವಾಗ ಒಂದು ಗೆರೆ ಎಳೆಯಿತು: ಇದು ಉದ್ಯೋಗಕ್ಕೆ ಮಾತ್ರ ಸಂಬಂಧಿಸಿದ್ದು, ಬದುಕಿನ ಉಳಿದ ಕಡೆಗೆ ಬಳಸುವಂತಿಲ್ಲ.

ಆ ಗೆರೆಯ ಆಚೆ ನಮ್ಮಕ್ಕ ಇದ್ದಾಳೆ. ಎರಡನೇ ಮಗು ಆದಮೇಲೆ ಕೆಲಸ ಬಿಟ್ಟು ಬೆಂಗಳೂರಿನ ಫ್ಲ್ಯಾಟಿನಲ್ಲಿ ಇರೋಳು. “ಸ್ನಾನದ ಮನೇಲಿ ನಲ್ಲಿ ಬಿಟ್ಕೊಂಡು ಸುಮ್ನೆ ಕೂತಿರ್ತೀನಿ ಕಣೋ, ಅಷ್ಟೊತ್ತಾದ್ರೂ ಯಾರೂ ಕರೆಯಲ್ಲ” ಅಂತ ಒಮ್ಮೆ ಹೇಳಿದಳು. ಅಮ್ಮನ ಉತ್ತರ ನಿಮ್ಮ ಮನೆಯಲ್ಲೂ ಕೇಳಿರ್ತೀರಿ: “ನಾವು ಮೂರು ಹೆತ್ತು ಗದ್ದೆಗೂ ಹೋಗ್ತಿದ್ವಿ.”

ಅಮ್ಮ ಹೇಳೋದು ನಿಜ. ಹಾಗಾದರೆ ಅವರೆಲ್ಲ ಹೇಗೆ ತಡೆದುಕೊಂಡರು?

ಕಾವೇರಿ ಕೊಡಗನ್ನು ಬಿಟ್ಟು ಹೊರಡೋದು ನಮ್ಮೂರು ಶಿರಂಗಾಲದ ಹತ್ತಿರ. ಕೊಡಗು ಅಂದರೆ ಕಾಫಿ ತೋಟ ಅಂದುಕೊಂಡವರಿಗೆ ಇದು ಬೇರೆಯದೇ ಸೀಮೆ. ಗದ್ದೆ, ಜೋಳ, ಶುಂಠಿ. ಹೆಂಗಸರಿಗೆ ಸೌದೆ, ನೀರು, ಕೊಟ್ಟಿಗೆ, ನಾಟಿ, ಕಳೆ. ಮೈಕೆಲಸ ಅಕ್ಕನಿಗಿಂತ ಎಷ್ಟೋ ಪಾಲು ಜಾಸ್ತಿ. ಆದರೆ ಆ ವ್ಯವಸ್ಥೆಯೊಳಗೆ ಬದಲಿ ಅನ್ನೋದು ಇತ್ತು. ಚೊಚ್ಚಲ ಹೆರಿಗೆ ತವರಲ್ಲಿ. ಹಸಿ ಮೈ ಅಂತ ಎಣ್ಣೆ, ಬಿಸಿನೀರು, ಮೆಣಸಿನ ಸಾರು. ಬಾಣಂತನ ಮುಗಿಯುವವರೆಗೆ ಒಲೆ ಮುಂದೆ ಬೇರೆಯವರು. ಗದ್ದೆಗೆ ಹೋದರೆ ಮಗು ಅಜ್ಜಿ ಮಡಿಲಲ್ಲಿ, ಇಲ್ಲವೇ ಪಕ್ಕದ ಮನೆಯ ಜಗಲಿಯಲ್ಲಿ. ಮುಟ್ಟಿನ ಮೂರು ದಿನ ಹೊರಗೆ ಕೂರಿಸೋದು ಅವಮಾನದ ಕಟ್ಟಳೆಯೇ ಸರಿ, ಆದರೆ ಆ ಮೂರು ದಿನ ಅಡುಗೆ ಇನ್ನೊಬ್ಬರ ಕೈಗೆ ಹೋಗ್ತಿತ್ತು.

ಇದನ್ನು ಹೊಗಳ್ತಾ ಇಲ್ಲ. ಇವೆಲ್ಲ ಮಡಿ-ಮೈಲಿಗೆಯ ಲೆಕ್ಕಗಳು, ಹೆಣ್ಣಿನ ದಣಿವಿನ ಲೆಕ್ಕ ಅಲ್ಲ. ಕೂಲಿಗೆ ಹೋಗುವ ಬಾಣಂತಿಗೆ ಇದರಲ್ಲಿ ಅರ್ಧವೂ ಸಿಗ್ತಿರಲಿಲ್ಲ. ವಿಶ್ರಾಂತಿಗೆ ಒಂದು ನೆಪ ಬೇಕಿತ್ತು, ಅಷ್ಟೇ. ನಗರಕ್ಕೆ ಬಂದು ನಾವು ನೆಪಗಳನ್ನೆಲ್ಲ ಕಳಚಿದೆವು. ಒಳ್ಳೆಯದೇ ಆಯ್ತು. ಆದರೆ ನೆಪದ ಜೊತೆ ಬದಲಿಯೂ ಹೋಯ್ತು, ಕೆಲಸ ಮಾತ್ರ ಉಳಿಯಿತು.

ತಡೆದುಕೊಳ್ಳಲಾಗದವರೂ ಆಗ ಇದ್ದರು. ಅವರ ಕಥೆಯನ್ನು ಮನೆಗಳು ಮುಚ್ಚಿಟ್ಟವು, ಕಾದಂಬರಿ ಹೇಳಿತು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿ ‘ಶರಪಂಜರ’ ಬರೆದರು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು. ಕಲ್ಪನಾ ಮಾಡಿದ ಪಾತ್ರದ ಹೆಸರು ಕಾವೇರಿ. ಅವಳ ಸುಖದ ದಿನಗಳ ಹಾಡಿಗೆ ಕ್ಯಾಮೆರಾ ಬಂದದ್ದು ನಮ್ಮ ಕೊಡಗಿಗೇ. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಜನ ಬಾಣಂತಿ ಸನ್ನಿ ಅನ್ನುವ ಕಾಯಿಲೆ. ಅದು ತೀವ್ರವಾದ ರೋಗ, ಅಕ್ಕನ ದಣಿವು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ತಪ್ಪು. ಆದರೆ ಆ ಕಥೆ ಚುಚ್ಚೋದು ಕಾಯಿಲೆಯ ಭಾಗದಲ್ಲಲ್ಲ. ಆಸ್ಪತ್ರೆಯಲ್ಲಿ ಕಾವೇರಿ ಗುಣವಾಗುತ್ತಾಳೆ. ಮನೆಗೆ ಬಂದರೆ ಗಂಡ, ಸುತ್ತಲಿನವರು ಎಲ್ಲರೂ ಅವಳನ್ನು ಹುಚ್ಚಿ ಅಂತಲೇ ನೋಡ್ತಾರೆ. ಚಿಕಿತ್ಸೆ ಗೆದ್ದಿತು, ಮನೆ ಸೋತಿತು. ತ್ರಿವೇಣಿ ಆ ಸಿನಿಮಾ ನೋಡಲಿಲ್ಲ. 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು. ವಯಸ್ಸು ಮೂವತ್ತನಾಲ್ಕು.

ಅದೇ 1963ರಲ್ಲಿ ಅಮೆರಿಕದ ಬೆಟ್ಟಿ ಫ್ರೀಡನ್, ಅನುಕೂಲಸ್ಥ ಮನೆಗಳ ಗೃಹಿಣಿಯರ ಬೇಗುದಿಯನ್ನು ಹೆಸರಿಲ್ಲದ ಸಮಸ್ಯೆ ಎಂದು ಕರೆದರು. ಅಲ್ಲಿ ವಾಷಿಂಗ್ ಮಷೀನ್ ಬಂದಾಗಿತ್ತು. ಸಮಸ್ಯೆ ಹೋಗಿರಲಿಲ್ಲ.

ಹೆಸರಿಲ್ಲದ್ದಕ್ಕೆ ಲೆಕ್ಕವೂ ಇರಲ್ಲ. ನಮ್ಮ ಜನಗಣತಿಯಲ್ಲಿ ಮನೆಕೆಲಸ ಮಾತ್ರ ಮಾಡುವ ಹೆಂಗಸು ‘ಕೆಲಸ ಮಾಡದವರ’ ಪಟ್ಟಿಯಲ್ಲಿ. 2001ರ ಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ಒಂದೇ ಗುಂಪಿಗೆ ಸೇರಿಸಿದ್ದನ್ನು ಸುಪ್ರೀಂ ಕೋರ್ಟು 2010ರಲ್ಲಿ, ಅಪಘಾತ ಪರಿಹಾರದ ಒಂದು ಕೇಸಿನಲ್ಲಿ, ಕಟುವಾಗಿ ಟೀಕಿಸಿತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಕೊನೆಗೂ ಗಡಿಯಾರ ಹಿಡಿಯಿತು: ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಮನೆಗೆಲಸ ಮಾಡುವ ಗಂಡಸರು 97 ನಿಮಿಷ ಕೊಡ್ತಾರೆ. ಮಕ್ಕಳನ್ನು ನೋಡಿಕೊಳ್ಳೋದು ಇದರಲ್ಲಿ ಸೇರಿಲ್ಲ, ಅದು ಬೇರೆ ಲೆಕ್ಕ. 2021ರಲ್ಲಿ ಸುಪ್ರೀಂ ಕೋರ್ಟು ಇದೇ ಸಮೀಕ್ಷೆಯನ್ನು ಮುಂದಿಟ್ಟುಕೊಂಡು ಗೃಹಿಣಿಯ ದುಡಿಮೆಗೆ ಬೆಲೆ ಇದೆ ಅಂತು. ಬೆಲೆ ಕಟ್ಟಿದ್ದು ಅವಳು ಸತ್ತ ಮೇಲೆ, ಪರಿಹಾರಕ್ಕೆ! 2023ರಿಂದ ನಮ್ಮ ರಾಜ್ಯದಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಬಂತು. ಅಕ್ಕನಿಗೆ ಅದೂ ಇಲ್ಲ, ಭಾವ ತೆರಿಗೆ ಕಟ್ಟುತ್ತಾರೆ. ಅವಳಿಗೆ ಬೇಕಾದ್ದು ದುಡ್ಡೂ ಅಲ್ಲ ಬಿಡಿ.

ನಮ್ಮ ಕೆಲಸದಲ್ಲಿ ಆನ್‌ಕಾಲ್ ಅಂತ ಇದೆ ಅಲ್ವಾ? ರಾತ್ರಿ ಸರ್ವರ್ ಬಿದ್ದರೆ ಎದ್ದು ಕೂರೋ ಡ್ಯೂಟಿ. ಒಬ್ಬನನ್ನೇ 365 ದಿನ ಆನ್‌ಕಾಲ್ ಹಾಕಿದರೆ, ಅವನು ದುರ್ಬಲ ಅಂತ ಯಾರೂ ಅನ್ನಲ್ಲ. ರೋಟಾ ಹಾಕಿದವನಿಗೆ ಬೈತಾರೆ. ವಾರ ಮುಗಿದರೆ ಹ್ಯಾಂಡ್‌ಓವರ್ ಮಾಡಿ ಫೋನ್ ಮಗುಚಿಟ್ಟು ಮಲಗ್ತೀವಿ. ಹಳೇ ಮನೆಯಲ್ಲಿ ಈ ಹ್ಯಾಂಡ್‌ಓವರ್ ಅಜ್ಜಿ, ತವರು, ಜಗಲಿಯ ರೂಪದಲ್ಲಿತ್ತು. ಇಬ್ಬರೇ ದೊಡ್ಡವರಿರೋ ಫ್ಲ್ಯಾಟಿನಲ್ಲಿ ಅದು ಆ ಇಬ್ಬರ ನಡುವೆಯೇ ಆಗಬೇಕು. ಈಗ ಶನಿವಾರ ಬೆಳಗ್ಗೆಯಿಂದ ರಾತ್ರಿವರೆಗೆ ಮಕ್ಕಳು ಭಾವನ ಪಾಲು. ಇದು ಸಹಾಯ ಅಲ್ಲ, ಬದಲಿ. ಸಹಾಯ ಮಾಡುವವನು “ಡೈಪರ್ ಎಲ್ಲಿದೆ?” ಅಂತ ಕೇಳ್ತಾನೆ. ಬದಲಿಗೆ ನಿಂತವನಿಗೆ ಅದು ಖಾಲಿಯಾಗ್ತಾ ಬಂದಿರೋದೂ ಗೊತ್ತಿರತ್ತೆ. ಅಮ್ಮನೂ ಶುಂಠಿ ಕಿತ್ತ ಮೇಲೆ ಒಂದು ತಿಂಗಳು ಬಂದಿರ್ತಾರೆ, ಬಯ್ಕೊಂಡೇ.

ಬದಲಿಯಿಂದ ಎಲ್ಲವೂ ಸರಿಹೋಗಲ್ಲ. ಮಗು ಮಲಗಿದರೂ ನಿದ್ದೆ ಬಾರದೆ, ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲದೆ, ಸತ್ತರೆ ಸಾಕು ಅನ್ನಿಸ್ತಿದ್ದರೆ ಅದು ವೈದ್ಯರಿಗೆ ಹೇಳಬೇಕಾದ ಮಾತು. ತಾಯಿ-ಮಗುವನ್ನು ಬೇರೆ ಮಾಡದೆ ಒಟ್ಟಿಗೇ ಇಟ್ಟು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. 2022ರಲ್ಲಿ ಶುರುವಾದ ಟೆಲಿ-ಮಾನಸ್‌ನ 14416 ನಂಬರಿಗೆ ಯಾವ ಹೊತ್ತಿನಲ್ಲಾದರೂ ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ನಂಬರನ್ನು ಫ್ರಿಜ್ ಮೇಲೆ ಬರೆದು ಅಂಟಿಸಿ, ಹಾಲಿನವನ ನಂಬರಿನ ಪಕ್ಕದಲ್ಲೇ.