ಎ ಇಲ್ಲ, ಬಿ ಇಲ್ಲ. ಸಿ ಮಾತ್ರ ಏಕೆ?

ಅರಸೀಕೆರೆಯಲ್ಲಿ ನನ್ನೊಡನೆ ಬಹುಕಾಲ ಪಾಠ ಹೇಳಿದ ಗೆಳೆಯರೊಬ್ಬರು ಎರಡು ವರ್ಷಗಳ ಹಿಂದೆ ತೀರಿಕೊಂಡರು. ಇತಿಹಾಸದ ಅಧ್ಯಾಪಕರು. ರಜೆ ಬಂದಿತೆಂದರೆ ಸೈಕಲ್ಲು, ಒಂದು ಕುಂಚ, ಒಂದು ಬಾಟಲಿ ನೀರು, ಸ್ವಲ್ಪ ಸುಣ್ಣದ ಪುಡಿ. ಇಷ್ಟೇ ಅವರ ಸಲಕರಣೆ. ಅರಸೀಕೆರೆ, ಬೇಲೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಅಲೆದು, ಯಾವ ಸಂಪುಟಕ್ಕೂ ಸೇರದೆ ಉಳಿದ ವೀರಗಲ್ಲುಗಳ ಎರಡು ಸಾಲು, ಮೂರು ಸಾಲುಗಳನ್ನು ಓದಿ ಬರೆದುಕೊಳ್ಳುತ್ತಿದ್ದರು. ಮೊದಲು ನೋಟುಪುಸ್ತಕದಲ್ಲಿ, ನಿವೃತ್ತಿಯ ಹೊತ್ತಿಗೆ ಕಂಪ್ಯೂಟರಿನಲ್ಲಿ. ನೋಟುಪುಸ್ತಕಗಳಲ್ಲಿ ಅರ್ಧ ಗೆದ್ದಲಿನ ಪಾಲಾದುವು. ಕಲ್ಲುಗಳಲ್ಲಿಯೂ ಕೆಲವು ಇಂದಿಲ್ಲ. ರಸ್ತೆ ಅಗಲವಾಗುವಾಗ ಒಂದು, ಮನೆಯ ತಳಪಾಯಕ್ಕೆ ಒಂದು. ಹೀಗಾಗಿ ಆ ಕಂಪ್ಯೂಟರಿನ ಒಳಗಿನ ಡಿಸ್ಕು ಹಲವು ಕಲ್ಲುಗಳಿಗೆ ಉಳಿದ ಏಕೈಕ ಪ್ರತಿ.

ಅವರ ಶ್ರೀಮತಿಯವರು ಆ ಡಿಸ್ಕನ್ನು ಹಳೆಯ ಟವೆಲಿನಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟರು. “ಯಂತ್ರ ಕೆಟ್ಟುಹೋಯ್ತು ಮೇಷ್ಟ್ರೇ, ಇದೊಂದನ್ನ ಬಿಚ್ಚಿಸಿ ಇಟ್ಟಿದ್ದೆ” ಎಂದರು. ಇಂದು ನಾನು ಹೇಳಹೊರಟಿರುವುದು ಆ ಡಿಸ್ಕಿನ ಬಾಗಿಲು ತೆರೆದ ಕಥೆ. ಕನ್ನಡ ಮೇಷ್ಟ್ರಿಗೆ ಈ ಉಸಾಬರಿ ಏಕೆಂದು ಶ್ರೋತೃಗಳಿಗೆ ಅನ್ನಿಸೀತು. ಆದರೆ ಆ ಬಾಗಿಲಿಗೂ ಒಂದು ಚರಿತ್ರೆಯಿದೆ. ಅದು ನಾನು ಎಣಿಸಿದ್ದಕ್ಕಿಂತ ಶಾಸನಗಳ ಚರಿತ್ರೆಗೆ ಹತ್ತಿರವಾಗಿತ್ತು.

ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು ರಜೆಗೆ ಬಂದಿದ್ದಳು. ಡಿಸ್ಕನ್ನು ಒಂದು ಪುಟ್ಟ ಡಬ್ಬಿಯಲ್ಲಿ ಕೂರಿಸಿ ನನ್ನ ಕಂಪ್ಯೂಟರಿಗೆ ತಂತಿ ಸಿಕ್ಕಿಸಿದಳು. ಡಿಸ್ಕು ಸಣ್ಣಗೆ ಗುಂಯ್ಗುಟ್ಟಿತು. ಪರದೆಯ ಮೇಲೆ ಮಾತ್ರ ಅದರ ಸುಳಿವಿಲ್ಲ. ಆಗ ಅವಳು ಚಿತ್ರಗಳನ್ನೆಲ್ಲ ಸರಿಸಿ, ಕಪ್ಪು ಹಲಗೆಯಂಥ ಒಂದು ಕಿಟಕಿಯನ್ನು ತೆರೆದಳು. ಅದೇ ಕಮಾಂಡ್ ಪ್ರಾಂಪ್ಟ್. ಅಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಒಂದು ಸಾಲು ಬರೆದರೆ ಒಂದು ಉತ್ತರ. ಆ ಸಾಲಿನ ತಲೆಯಲ್ಲಿ ‘ಸಿ’ ಎಂಬ ಇಂಗ್ಲಿಷ್ ಅಕ್ಷರ, ಅದರ ಮುಂದೆ ಎರಡು ಚುಕ್ಕೆ. “ಎ ಎಲ್ಲಿ ಹೋಯಿತು, ಬಿ ಎಲ್ಲಿ ಹೋಯಿತು?” ಎಂದು ಕೇಳಿದೆ. ವರ್ಣಮಾಲೆ ಕಲಿಸಿ ಬದುಕಿದವನಿಗೆ ಮೊದಲು ಕಾಣುವುದು ಅದೇ. ಅವಳಿಗೆ ತಿಳಿಯದು. ಅವಳು ಹುಟ್ಟುವ ಮೊದಲೇ ಎ, ಬಿ ಎರಡೂ ಮೂಲೆ ಸೇರಿದ್ದವು.

ಆಮೇಲೆ ಹುಡುಕಿ ಓದಿ ತಿಳಿದುಕೊಂಡೆ. ಡಿಸ್ಕುಗಳನ್ನು ಅಕ್ಷರದಿಂದ ಕರೆಯುವ ರೂಢಿ 1960ರ ದಶಕದ ಐಬಿಎಂ ದೊಡ್ಡ ಯಂತ್ರಗಳಲ್ಲಿಯೇ ಇತ್ತು. 1974ರಲ್ಲಿ ಗ್ಯಾರಿ ಕಿಲ್ಡಾಲ್ ಎಂಬ ಅಮೆರಿಕನ್ ವಿದ್ವಾಂಸ ಪುಟ್ಟ ಯಂತ್ರಗಳಿಗಾಗಿ ಸಿಪಿ/ಎಂ ಎಂಬ ವ್ಯವಸ್ಥೆಯನ್ನು ರಚಿಸಿದಾಗ ಅಕ್ಷರಗಳು ಅಲ್ಲಿಗೂ ಬಂದುವು. ಅದರ ಮಾದರಿಯಲ್ಲಿ ಸಿಯಾಟಲ್ ನಗರದ ಟಿಮ್ ಪ್ಯಾಟರ್ಸನ್ 1980ರಲ್ಲಿ ಮತ್ತೊಂದನ್ನು ಬರೆದ. ಮೈಕ್ರೋಸಾಫ್ಟ್ ಅದನ್ನು ಕೊಂಡು ಡಾಸ್ ಎಂದು ಹೆಸರಿಟ್ಟಿತು. 1981ರ ಆಗಸ್ಟಿನಲ್ಲಿ ಐಬಿಎಂ ಪಿಸಿಯೊಡನೆ ಅದು ಪೇಟೆಗೆ ಇಳಿಯಿತು. ಆ ಯಂತ್ರಕ್ಕೆ ಇದ್ದುದು ಹಪ್ಪಳದಷ್ಟು ತೆಳುವಾದ ಫ್ಲಾಪಿ ತಟ್ಟೆಗಳಿಗೆ ಎರಡು ಬಾಯಿ. ಒಂದು ಎ, ಇನ್ನೊಂದು ಬಿ. 1983ರಲ್ಲಿ ಹತ್ತು ಮೆಗಾಬೈಟಿನ ಗಟ್ಟಿ ಡಿಸ್ಕು ಬಂದಾಗ ಮೊದಲೆರಡು ಮನೆಗಳು ಭರ್ತಿಯಾಗಿದ್ದುದರಿಂದ ಹೊಸ ಒಕ್ಕಲಿಗೆ ಮೂರನೆಯದು ದೊರೆಯಿತು. ಹಳೆಯ ಒಕ್ಕಲು ಮನೆ ಖಾಲಿಮಾಡಿ ಹೋಗಿ ಎಷ್ಟೋ ಕಾಲವಾದರೂ ಹೊಸಬ ಮಾತ್ರ ಮೂರನೆಯ ಮನೆಯಲ್ಲಿಯೇ ಇದ್ದಾನೆ. ಊರ ಮುಂದಿನ ಕೆರೆಯಲ್ಲಿ ನೀರಿಲ್ಲದಿದ್ದರೂ ಊರಿಗೆ ಅರಸಿಯ ಕೆರೆಯೆಂದೇ ಹೆಸರು ಉಳಿದ ಹಾಗೆ.

ಗೆಳೆಯರ ಡಿಸ್ಕಿನ ಮೊದಲ ತೊಡಕು ಇದೇ ಆಗಿತ್ತು. ಅದಕ್ಕೆ ಅಕ್ಷರವಿರಲಿಲ್ಲ. ಹುಡುಗಿ ಡಿಸ್ಕ್‌ಪಾರ್ಟ್ ಎಂಬ ಕರಣಿಕನನ್ನು ಎಬ್ಬಿಸಿ, ಲಿಸ್ಟ್ ವಾಲ್ಯೂಮ್ ಎಂದು ಬರೆದಾಗ ಖಾತೆ ಹೊರಬಂತು. ನಾಲ್ಕನೆಯ ಸಾಲಿನಲ್ಲಿ ಡಿಸ್ಕಿದೆ, ಅಕ್ಷರದ ಜಾಗ ಮಾತ್ರ ಬಿಳಿ. “ಕೆ ಇಡ್ಲಾ ಮಾವ? ಕಲ್ಲಿಗೆ ಕೆ” ಎಂದಳು. ಆ ಸಾಲನ್ನು ಆರಿಸಿ, ಅಸೈನ್ ಎಂದು ಬರೆದು ‘ಕೆ’ ಕೊಟ್ಟಳು. ಇದ್ದಲ್ಲಿಯೇ ಇದ್ದ ವಸ್ತು, ವಿಳಾಸ ಬಂದೊಡನೆ ಕಾಣಿಸಿಕೊಂಡಿತು.

ಇಲ್ಲಿ ನನಗೆ ರೈಸ್ ಸಾಹೇಬರ ನೆನಪಾಯಿತು. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ ಐದನೆಯ ಸಂಪುಟವಾಗಿ 1902ರಲ್ಲಿ ಅಚ್ಚುಹಾಕಿಸಿದರು. ತಾಲ್ಲೂಕಿಗೊಂದು ಸಂಕೇತ, ಕಲ್ಲಿಗೊಂದು ಸಂಖ್ಯೆ. ಅಂದಿನಿಂದ ಹೊಯ್ಸಳರ ಮೇಲೆ ಬರೆದವರೆಲ್ಲರೂ ಆ ಸಂಕೇತವನ್ನೂ ಸಂಖ್ಯೆಯನ್ನೂ ಹಿಡಿದೇ ಕಲ್ಲಿನ ಬಳಿಗೆ ಹೋದರು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕೃತ ಸಂಪುಟಗಳನ್ನು ಹೊರತರತೊಡಗಿತು; ಹೊಸ ಓದು ಸೇರಿದುವು, ಪಾಠ ಶುದ್ಧವಾಯಿತು, ಅದರೊಡನೆ ಸಂಖ್ಯೆಗಳೂ ಬದಲಾದುವು. ಕಲ್ಲು ಅಲುಗಲಿಲ್ಲ, ವಿಳಾಸ ಅಲುಗಿತು. ಹಳೆಯ ಪ್ರಬಂಧದ ಅಡಿಟಿಪ್ಪಣಿಯನ್ನು ನಂಬಿ ಹೊಸ ಸಂಪುಟ ತೆರೆದ ವಿದ್ಯಾರ್ಥಿಗೆ ಕೆರೆಯ ತೂಬಿನ ಶಾಸನದ ಬದಲು ಬೇರಾವುದೋ ದಾನಶಾಸನ ಎದುರಾಗುತ್ತದೆ. ಇದಕ್ಕೆ ವಿರುದ್ಧವಾದದ್ದೂ ಉಂಟು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನ ಊರು ಬಿಟ್ಟು ಬಹುಕಾಲವಾಯಿತು. ಹೆಸರು ಮಾತ್ರ ಹಲ್ಮಿಡಿಯದೇ.

ಅಕ್ಷರ ಬಂದಿತೆಂದು ಒಳಹೊಕ್ಕಹಾಗೆ ಆಗಲಿಲ್ಲ. ಉತ್ಸಾಹದಿಂದ ನಾನೇ ‘ಸಿಡಿ’ ಎಂದು ಬರೆದು, ಮುಂದೆ ‘ಕೆ’ ಎಂದೂ ಗೆಳೆಯರ ಕಡತಕೋಶದ ದಾರಿಯನ್ನೂ ಹಾಕಿದೆ. ತಪ್ಪೆಂದು ಯಂತ್ರ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ, ‘ಸಿ’ಯಲ್ಲಿಯೇ ನಿಂತಿತು. ಎಷ್ಟೋ ಜನ ಇಲ್ಲಿಯೇ ಡಿಸ್ಕು ಕೆಟ್ಟಿದೆಯೆಂದು ಕೈಚೆಲ್ಲುತ್ತಾರಂತೆ. ಕಾರಣ 1983ರಷ್ಟು ಹಳೆಯದು. ಆ ವರ್ಷ ಡಾಸ್‌ನ ಎರಡನೆಯ ಆವೃತ್ತಿಯಲ್ಲಿ ಕೋಶದೊಳಗೆ ಕೋಶ ಇಡುವ ಏರ್ಪಾಡು ಬಂದಾಗ, ಪ್ರತಿಯೊಂದು ಡಿಸ್ಕಿನಲ್ಲಿಯೂ ನಾವು ಕೊನೆಗೆ ಯಾವ ಕೋಶದಲ್ಲಿದ್ದೆವೆಂಬುದನ್ನು ಬೇರೆ ಬೇರೆಯಾಗಿ ನೆನಪಿಡುವಂತೆ ಮಾಡಿದರು. ಆದುದರಿಂದ ‘ಸಿಡಿ’ ಎಂಬ ಆಜ್ಞೆ ಇನ್ನೊಂದು ಡಿಸ್ಕಿನೊಳಗೆ ಯಾವ ಕೋಣೆಯೆಂಬುದನ್ನು ಮಾತ್ರ ಗೊತ್ತುಮಾಡುತ್ತದೆ; ನಮ್ಮನ್ನು ಅಲ್ಲಿಗೆ ಕರೆದೊಯ್ಯುವುದಿಲ್ಲ. ಬೇಲೂರಿನಲ್ಲಿ ಕುಳಿತು ಹಳೇಬೀಡಿನಲ್ಲಿ ಇಂಥವರ ಮನೆಯಲ್ಲಿ ಇಳಿದುಕೊಳ್ಳುತ್ತೇನೆಂದು ಹೇಳಿಕಳಿಸಿದಂತೆ. ಹದಿನಾರು ಕಿಲೋಮೀಟರು ಬಸ್ಸು ಹತ್ತುವುದು ಬೇರೆಯ ಕೆಲಸ. ಅದಕ್ಕೆ ‘ಕೆ’ ಎಂದು ಎರಡು ಚುಕ್ಕೆಯಿಟ್ಟು ಬರೆದರೆ ಸಾಕು. ಎರಡೂ ಒಮ್ಮೆಗೇ ಆಗಬೇಕಾದರೆ ‘ಸಿಡಿ’ಯ ಪಕ್ಕದಲ್ಲಿ ಒಂದು ಓರೆಗೆರೆ, ಒಂದು ‘ಡಿ’. ಇಷ್ಟು ಚಿಕ್ಕ ಮಾತಿಗೆ ನನಗೆ ಅರ್ಧ ಗಂಟೆ ಹಿಡಿಯಿತು. ದಾರಿಯ ನಡುವೆ ಹಿಂದಕ್ಕೆ ವಾಲಿದ ಗೆರೆಯೇ ಏಕೆ ಬೇಕೆಂಬುದಕ್ಕೂ ಅದೇ ವರ್ಷವೇ ಕಾರಣ: ಮುಂದಕ್ಕೆ ವಾಲಿದ ಗೆರೆಯನ್ನು ಆಜ್ಞೆಗಳ ವಿಶೇಷಣಕ್ಕೆಂದು ಮೊದಲೇ ಬಳಸಿಬಿಟ್ಟಿದ್ದರು.

ಈಗ ‘ಕೆ’ ತೆರೆಯಿತು. ಆದರೆ ಗೆಳೆಯರ ಹೆಸರಿನ ಕೋಶದ ಮುಂದೆ ನಿಂತಾಗ, ‘ಪ್ರವೇಶ ನಿರಾಕರಿಸಲಾಗಿದೆ’ ಎಂಬರ್ಥದ ಇಂಗ್ಲಿಷ್ ಸಾಲು. ಹುಡುಗಿ ಒಡೆಯನ ಹೆಸರೇನೆಂದು ವಿಚಾರಿಸಿದಳು. ಹೆಸರು ಬರಲಿಲ್ಲ, ಒಂದು ಮೊಳದುದ್ದ ಅಂಕಿ ಬಂತು. ಈಚಿನ ವಿಂಡೋಸ್ ಯಂತ್ರಗಳಲ್ಲಿ ಕಡತದ ಒಡೆತನವನ್ನು ಹೆಸರಿನಿಂದ ಬರೆಯುವುದಿಲ್ಲವಂತೆ, ಆ ಯಂತ್ರವೇ ಕೊಟ್ಟ ಅಂಕಿಯಿಂದ ಬರೆಯುತ್ತಾರೆ. ಆ ಯಂತ್ರ ಹೋಯಿತು. ಅಂಕಿ ಯಾರದೆಂದು ಹೇಳುವವರಿಲ್ಲ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನೇ ಕೊರೆದರು. ಒಂಬೈನೂರು ವರ್ಷಗಳ ಮೇಲೂ ನಾವು ಓದುತ್ತೇವೆ. ಇಲ್ಲಿ ಇಪ್ಪತ್ತು ವರ್ಷಕ್ಕೇ ಒಡೆಯ ಅನಾಮಿಕನಾಗಿದ್ದ.

“ಒಡೆತನ ನಾವೇ ತಗೋಬಹುದು ಮಾವ, ಟೇಕ್‌ಓನ್ ಅಂತ ಆಜ್ಞೆ ಇದೆ” ಎಂದಳು. ನನ್ನ ಕೈ ಹಿಂದೆ ಸರಿಯಿತು. ದಾನಶಾಸನಗಳ ಕೊನೆಯ ಶಾಪಾಶಯವನ್ನು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಇನ್ನೊಬ್ಬರು ಕೊಟ್ಟದ್ದನ್ನು ಕಸಿದವನ ಗತಿಯೇನೆಂದು ಅಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಬರೆದಿದ್ದಾರೆ. ಆ ಕೋಶದಲ್ಲಿ ಅವರ ಸ್ವಂತ ಪತ್ರಗಳೂ ಇದ್ದಿರಬಹುದು. ಫೋನು ಮಾಡಿ ಅವರ ಶ್ರೀಮತಿಯವರನ್ನು ಕೇಳಿದೆ. ಕ್ಷಣಕಾಲ ಸುಮ್ಮನಿದ್ದರು. ಆಮೇಲೆ, “ತಗೊಳ್ಳಿ ಮೇಷ್ಟ್ರೇ. ಕಲ್ಲಿನದು ನಿಮಗೆ, ಮನೆಯದು ನನಗೆ” ಎಂದರು. ಒಂದು ಕೋಶದ ಮಟ್ಟಿಗೆ ಮಾತ್ರ ಒಡೆತನ ಪಡೆದು, ಐಕ್ಯಾಕಲ್ಸ್ ಎಂಬ ಇನ್ನೊಂದು ಆಜ್ಞೆಯಿಂದ ಓದುವ ಹಕ್ಕು ಬರೆಸಿಕೊಂಡೆವು.

ರಿಪೇರಿಯ ಆಜ್ಞೆಯೂ ಒಂದಿದೆ. ಅದನ್ನು ಅವಳು ಮುಟ್ಟಲಿಲ್ಲ. ಮುದಿ ಡಿಸ್ಕಿಗೆ ಚಿಕಿತ್ಸೆಯೇ ಮುಳುವಾದೀತು, ಮೊದಲು ನಕಲು ಎಂದಳು. ಶಾಸನವನ್ನು ಉಜ್ಜುವ ಮೊದಲು ಪಡಿಯಚ್ಚು ತೆಗೆಯಬೇಕೆಂದು ನನ್ನ ಗೆಳೆಯರು ಹೇಳುತ್ತಿದ್ದರು. ನಕಲಿಗೆ ರೋಬೋಕಾಪಿ ಎಂಬುದನ್ನು ಬಳಸಿದಳು. ಓದಲಾಗದ ಕಡತ ಸಿಕ್ಕರೆ ಅದು ಹತ್ತು ಲಕ್ಷ ಸಲ, ಸಲಕ್ಕೆ 30 ಸೆಕೆಂಡು ಕಾದು, ಮತ್ತೆ ಮತ್ತೆ ಯತ್ನಿಸುತ್ತದೆಯಂತೆ. ಲೆಕ್ಕ ಹಾಕಿದೆ: ಒಂದು ಕಡತಕ್ಕೆ ಹತ್ತಿರ ಹತ್ತಿರ ಒಂದು ವರ್ಷ! ಇಷ್ಟು ತಾಳ್ಮೆ ಸಂಶೋಧಕರಲ್ಲಿಯೂ ಅಪರೂಪ. ಒಂದೇ ಸಲ ಸಾಕೆಂದು ಅದಕ್ಕೆ ಕಡಿವಾಣ ಹಾಕಿದಳು.

ಕಡತಗಳು ಬಂದುವು. ತೆರೆದರೆ ಕನ್ನಡವಿಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಹಿಟ್ಟು. ಇದು ಮಾತ್ರ ನನಗೆ ತಿಳಿದಿದ್ದ ರೋಗ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದರು. ಆ ಅಕ್ಷರಮಾದರಿ ಇಲ್ಲದ ಯಂತ್ರಕ್ಕೆ ಅದು ಓದಲಾರದ ಲಿಪಿ. ನುಡಿಯ ಅಕ್ಷರಮಾದರಿಯನ್ನು ಹಾಕಿದೊಡನೆ ಗೆಳೆಯರ ಸಾಲುಗಳು ಎದ್ದುನಿಂತುವು. ತುರುಗೊಳ್‌ನಲ್ಲಿ ಬಿದ್ದವನೊಬ್ಬ, ಹುಲಿಯೊಡನೆ ಕಾದಿ ಸತ್ತವನೊಬ್ಬ. ಅಲ್ಲಲ್ಲಿ ಅವರ ಟಿಪ್ಪಣಿ: ‘ಈ ಅಕ್ಷರ ಸಂದೇಹ, ಬೆಳಗಿನ ಬಿಸಿಲಿನಲ್ಲಿ ಮತ್ತೆ ನೋಡಬೇಕು.’

ಒಂದು ಕಡತ ಮಾತ್ರ ಬರಲಿಲ್ಲ. ಯಾವ ಕಲ್ಲು ಯಾವ ಊರಿನ ಯಾವ ಹೊಲದಲ್ಲಿದೆ ಎಂಬ ಪಟ್ಟಿ ಅದು. ಪಾಠಗಳೆಲ್ಲ ಕೈಯಲ್ಲಿವೆ, ಪ್ರತಿಯೊಂದಕ್ಕೂ ಗೆಳೆಯರು ಹಾಕಿದ ಕ್ರಮಸಂಖ್ಯೆಯಿದೆ, ಆ ಸಂಖ್ಯೆ ಎಲ್ಲಿಗೆ ಕರೆದೊಯ್ಯುತ್ತದೆಂಬುದು ಡಿಸ್ಕಿನ ಸವೆದ ಭಾಗದಲ್ಲಿ ಉಳಿಯಿತು. ಅವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಿರುಗಿದ ಹಳೆಯ ವಿದ್ಯಾರ್ಥಿಯೊಬ್ಬ ಅರಸೀಕೆರೆಯಲ್ಲಿದ್ದಾನೆ. ಹದಿಮೂರನೆಯ ಸಂಖ್ಯೆಯ ಹುಲಿಬೇಟೆಯ ಕಲ್ಲು ಒಂದು ದನದ ಕೊಟ್ಟಿಗೆಯ ಗೋಡೆಯಲ್ಲಿತ್ತೆಂದು ಅವನಿಗೆ ನೆನಪಿದೆ. ಬರುವ ಭಾನುವಾರ ಇಬ್ಬರೂ ಹೊರಟಿದ್ದೇವೆ. ಸುಣ್ಣದ ಪುಡಿ ತಂದಿಟ್ಟಿದ್ದೇನೆ.