ಬೆಸುಗೆ ಬಿಡಿಸುವ ಕಸುಬು

ಬೆಸುಗೆ ಹಾಕುವವನು ಒಂದು ಹೊತ್ತಿಗೆ ಒಂದು ಕಾಲನ್ನಷ್ಟೇ ನೋಡಿಕೊಂಡರೆ ಸಾಕು. ಬಿಡಿಸುವವನಿಗೆ ಆ ಸೌಕರ್ಯವಿಲ್ಲ. ಹದಿನಾರು ಕಾಲಿನ ಐಸಿಯೊಂದು ತಿರುವುಮುರುವಾಗಿ ಕೂತುಬಿಟ್ಟಿದ್ದರೆ ಹದಿನಾರೂ ಕಾಲುಗಳು ಒಟ್ಟಿಗೆ ಸಡಿಲವಾಗಬೇಕು. ಹದಿನೈದು ಬಿಟ್ಟು ಒಂದು ಹಿಡಿದುಕೊಂಡರೂ ಎಳೆತವೆಲ್ಲ ಆ ಒಂದರ ಮೇಲೆ ಬೀಳುತ್ತದೆ, ಅದರ ಬುಡದ ತಾಮ್ರ ಕಿತ್ತು ಬರುತ್ತದೆ. ಈ ತೊಡಕಿಗೆ ಇದುವರೆಗೆ ಹೊಳೆದಿರುವ ಮುಖ್ಯ ದಾರಿಗಳು ಎರಡು. ಕರಗಿದ ಬೆಸುಗೆಯನ್ನು ಒಂದೊಂದೇ ಕಾಲಿನಿಂದ ತೆಗೆದುಹಾಕುವುದು ಒಂದು; ಎಲ್ಲವನ್ನೂ ಒಂದೇ ಹೊತ್ತಿಗೆ ಕರಗಿಸಿಟ್ಟು ಭಾಗವನ್ನು ಎತ್ತಿಕೊಳ್ಳುವುದು ಇನ್ನೊಂದು. ಈ ಕಸುಬು ಬೆಳೆದದ್ದೆಂದರೆ ಮೊದಲನೆಯ ದಾರಿಯಿಂದ ಎರಡನೆಯದಕ್ಕೆ ಸರಿದದ್ದೇ.

ವಾಲ್ವ್ ರೇಡಿಯೊಗಳ ಕಾಲದಲ್ಲಿ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ವಾಲ್ವ್‌ಗಳು ಸಾಕೆಟ್ಟಿನಲ್ಲಿ ಕೂರುತ್ತಿದ್ದವು, ಉಳಿದ ಭಾಗಗಳ ತಂತಿಯನ್ನು ಲೋಹದ ಟ್ಯಾಗ್‌ಗಳಿಗೆ ಸುತ್ತಿ ಬೆಸೆಯುತ್ತಿದ್ದರು. ತಪ್ಪಾಯಿತೇ, ಕಾಯಿಸಿ ಇಕ್ಕಳದಿಂದ ಎಳೆದರಾಯಿತು. ಸುಡುವ ಬೆರಳನ್ನು ಬಿಟ್ಟರೆ ಕೆಡುವಂಥದ್ದು ಅಲ್ಲಿ ಹೆಚ್ಚೇನೂ ಇರಲಿಲ್ಲ. ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಪಾಲ್ ಐಸ್ಲರ್ 1936ರ ಸುಮಾರಿಗೆ ತಂತಿಗಳ ಬದಲು ತೆಳು ತಾಮ್ರದ ಹಾಳೆಯಲ್ಲಿ ಹಾದಿ ಕೊರೆದ ಮೇಲೆ ಚಿತ್ರ ಬದಲಾಯಿತು. 1949ರಲ್ಲಿ ಅಮೆರಿಕದ ಸೇನೆಯ ಡ್ಯಾಂಕೊ ಮತ್ತು ಅಬ್ರಮ್‌ಸನ್, ಭಾಗಗಳ ಕಾಲುಗಳನ್ನು ಬೋರ್ಡಿನ ರಂಧ್ರಗಳಿಗೆ ಇಳಿಸಿ ಕರಗಿದ ಬೆಸುಗೆಯಲ್ಲಿ ಅದ್ದಿ ಒಮ್ಮೆಗೇ ಬೆಸೆಯುವ ವಿಧಾನ ರೂಪಿಸಿದರು. ಕಾರ್ಖಾನೆಗೆ ವರವಾದದ್ದು ದುರಸ್ತಿಯವನಿಗೆ ಕಷ್ಟ ತಂದಿತು. ಈಗ ತಾಮ್ರವೆಂದರೆ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪದ ಹಾಳೆ, ಅದನ್ನು ಹಿಡಿದಿಟ್ಟಿರುವುದು ಬಿಸಿಗೆ ಮೆತ್ತಗಾಗುವ ಅಂಟು. ಟ್ರಾನ್ಸಿಸ್ಟರ್ ರೇಡಿಯೊಗಳ, ಹಳೆಯ ಟಿವಿಗಳ ಕಂದು ಬೋರ್ಡುಗಳಲ್ಲಂತೂ ಕಾಲಿನ ಬುಡದ ತಾಮ್ರದ ಪ್ಯಾಡ್ ಏಳುವುದಕ್ಕೆ ತುಸು ಅವಸರವೇ ಸಾಕಿತ್ತು.

ಇಂದಿಗೂ ಪ್ರತಿ ರಿಪೇರಿ ಮೇಜಿನ ಮೇಲಿರುವ ಎರಡು ಉಪಕರಣಗಳು, ಸ್ಪ್ರಿಂಗ್ ಪಂಪು ಮತ್ತು ತಾಮ್ರದ ವಿಕ್, ಈ ಬೋರ್ಡುಗಳಿಗಾಗಿಯೇ ಬಂದವು. ಪಂಪು ಒಂದೇ ಎಳೆತಕ್ಕೆ ಕರಗಿದ ಬೆಸುಗೆಯನ್ನು ನುಂಗುತ್ತದೆ. ವಿಕ್ ಎನ್ನುವುದು ಫ್ಲಕ್ಸ್ ಹಚ್ಚಿದ ತಾಮ್ರದೆಳೆಗಳ ಹೆಣಿಗೆ. ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳುವಂತೆ ಅದು ಬೆಸುಗೆಯನ್ನು ಒಳಗೆಳೆದುಕೊಳ್ಳುತ್ತದೆ. ಪಂಪನ್ನು ಹಳೆಗಾಲದ್ದೆಂದು ಮೂಲೆಗೆ ತಳ್ಳುವವರ ಮಾತನ್ನು ನಾನು ಒಪ್ಪುವುದಿಲ್ಲ. ರಂಧ್ರದ ತುಂಬ ನಿಂತ ಬೆಸುಗೆಗೆ ಪಂಪೇ ಸರಿ, ಚಪ್ಪಟೆ ಪ್ಯಾಡ್ ಒರೆಸುವುದಕ್ಕೆ ವಿಕ್ ಸರಿ.

ಬೋರ್ಡಿನ ಎರಡೂ ಮುಖಗಳಲ್ಲಿ ಹಾದಿ ಬಂದು, ರಂಧ್ರದ ಒಳಗೋಡೆಗೂ ತಾಮ್ರ ಲೇಪಿಸತೊಡಗಿದ ಮೇಲೆ ಪಂಪಿನ ಕೆಲಸ ಕಷ್ಟವಾಯಿತು. ರಂಧ್ರದ ಆಳದಲ್ಲಿ ಒಂದಿಷ್ಟು ಬೆಸುಗೆ ಉಳಿದೇ ಉಳಿಯುತ್ತದೆ. ಜೋರಾಗಿ ಎಳೆದರೆ ಆ ಲೇಪನವೇ ಕಾಲಿನ ಜೊತೆ ಬರುತ್ತದೆ, ರಂಧ್ರದೊಳಗಿನ ಸಂಪರ್ಕ ಕಡಿದುಹೋಗಿದ್ದು ಹೊರಗಿನಿಂದ ಕಾಣುವುದೂ ಇಲ್ಲ. ಹಳೆಯ ಬೆಸುಗೆ ತೆಗೆಯಲು ಮೊದಲು ಹೊಸ ಬೆಸುಗೆ ಸೇರಿಸಬೇಕೆನ್ನುವ, ಕಲಿಯುವವರಿಗೆ ತಲೆಕೆಳಗಾಗಿ ಕಾಣುವ ಯುಕ್ತಿ ಕೆಲಸಕ್ಕೆ ಬರುವುದು ಇಲ್ಲಿಯೇ. ಹೊಸದರ ಫ್ಲಕ್ಸು ಆಕ್ಸೈಡ್ ಪೊರೆಯನ್ನು ಕಳೆಯುತ್ತದೆ, ಹೆಚ್ಚಿದ ಬೆಸುಗೆ ಐರನ್ನಿನ ಬಿಸಿಯನ್ನು ರಂಧ್ರದ ತಳಕ್ಕೆ ಮುಟ್ಟಿಸುತ್ತದೆ. ಕಡಿಮೆ ಬಿಸಿ ಸುರಕ್ಷಿತ ಎಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ. ಸುಮಾರು 350 ಡಿಗ್ರಿ ಸೆಲ್ಸಿಯಸ್‌ನ ದಪ್ಪ ತುದಿ ಮೂರು ಸೆಕೆಂಡಿನಲ್ಲಿ ಮುಗಿಸುವುದನ್ನು, ಸಣ್ಣ ತುದಿಯ ಬಡಕಲು ಐರನ್ ಅರ್ಧ ನಿಮಿಷ ಒತ್ತಿ ಹಿಡಿದು ಪ್ಯಾಡನ್ನೇ ಬೇಯಿಸುತ್ತದೆ.

ಇನ್ನೊಂದು ಲೆಕ್ಕಾಚಾರವೂ ಆಗಲೇ ಬಂತು. ಐಸಿಗಿಂತ ಬೋರ್ಡೇ ದುಬಾರಿಯಾದಾಗ ಐಸಿಯನ್ನು ಉಳಿಸುವ ಹಟವೇಕೆ? ಕಾಲುಗಳನ್ನು ಕಟ್ಟರ್‌ನಿಂದ ಕತ್ತರಿಸಿ, ತುಂಡುಗಳನ್ನು ಒಂದೊಂದಾಗಿ ಕಾಯಿಸಿ ತೆಗೆಯುವುದು ಹೇಡಿತನವಲ್ಲ, ಬುದ್ಧಿವಂತಿಕೆ. ಇಂಥ ವಿವೇಕವನ್ನು ಶಿಸ್ತಾಗಿ ಕಟ್ಟುವುದಕ್ಕೆ ನೌಕಾಪಡೆಗಳಿಗೆ ಕಾರಣವಿತ್ತು. ಪ್ರತಿ ಬೋರ್ಡಿಗೂ ಬದಲಿ ಹೊತ್ತು ಹಡಗು ಸಾಗಲಾರದು. ಅಮೆರಿಕದ ನೌಕಾಪಡೆ ಬೋರ್ಡ್ ದುರಸ್ತಿಗೆಂದೇ ತರಬೇತಿ ಯೋಜನೆ ನಡೆಸಿತು. ಉದ್ಯಮದಲ್ಲಿ ಈಗ ಪ್ರಮಾಣವಾಗಿರುವುದು ಐಪಿಸಿ-7711/7721 ಕೈಪಿಡಿ. ಎದ್ದ ಪ್ಯಾಡನ್ನು ಎಪಾಕ್ಸಿಯಿಂದ ಮತ್ತೆ ಕೂರಿಸುವುದೂ ಅದರಲ್ಲಿದೆ.

1980ರ ದಶಕದಲ್ಲಿ ಭಾಗಗಳು ರಂಧ್ರ ಬಿಟ್ಟು ಬೋರ್ಡಿನ ಮೇಲ್ಮೈಗೆ ಬಂದವು. ನೂರು ಕಾಲಿನ ಚಪ್ಪಟೆ ಐಸಿಯ ಪ್ರತಿ ಕಾಲಿಗೂ ವಿಕ್ ಹಿಡಿದರೂ ಅಡಿಯಲ್ಲಿ ತೆಳುವಾದ ಪೊರೆ ಉಳಿದುಕೊಳ್ಳುತ್ತದೆ. ಆಗ ಬಂದದ್ದು ಹಾಟ್ ಏರ್. ಬೆಸುಗೆಯನ್ನು ತೆಗೆಯುವ ಗೊಡವೆಯೇ ಬೇಡ, ಎಲ್ಲ ಕರಗುವ ತನಕ ಬಿಸಿಗಾಳಿ ಬೀಸಿ ಚಿಮಟದಿಂದ ಎತ್ತು. ಎತ್ತುವ ಮುನ್ನ ಮೆಲ್ಲಗೆ ತಟ್ಟಿ ನೋಡಬೇಕು. ಐಸಿ ತೇಲಿದಂತೆ ಅಲುಗಿ ಮತ್ತೆ ತನ್ನ ಜಾಗಕ್ಕೆ ಜಾರಿದರೆ ಮಾತ್ರ ಎಲ್ಲ ಕಾಲೂ ಬಿಟ್ಟಿವೆ ಎಂದರ್ಥ. ಬೆಂಗಳೂರಿನ ಎಸ್.ಪಿ. ರೋಡಿನ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಇಂದು ಈ ಯಂತ್ರ ಐರನ್ನಿನಷ್ಟೇ ಸಾಮಾನ್ಯ.

1990ರ ದಶಕದಲ್ಲಿ ಹರಡಿದ ಬಿಜಿಎ ಚಿಪ್‌ಗಳಿಗೆ ಕಾಲೇ ಇಲ್ಲ, ಹೊಟ್ಟೆಯಡಿ ಬೆಸುಗೆಯ ಗುಂಡುಗಳು. ಐರನ್ ಅಲ್ಲಿಗೆ ಮುಟ್ಟುವುದೇ ಇಲ್ಲ, ಬೆಸುಗೆ ಪರೀಕ್ಷಿಸಲು ಎಕ್ಸ್-ರೇ ಬೇಕು. ಮೇಲಿನಿಂದಷ್ಟೇ ಕಾಯಿಸಿದರೆ ಬೋರ್ಡ್ ಸೊಟ್ಟಗಾಗುತ್ತದೆ, ಆದ್ದರಿಂದ ಇಡೀ ಬೋರ್ಡನ್ನು ಕೆಳಗಿನಿಂದ ಮೊದಲೇ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಚಿಪ್ಪಿನ ಪ್ಲಾಸ್ಟಿಕ್ ಗಾಳಿಯ ತೇವ ಹೀರಿಕೊಂಡಿದ್ದರೆ ಒಳಗೆ ಹಬೆ ಉಬ್ಬಿ ಅದು ಬಿರಿಯುವುದೂ ಉಂಟು. ಅದಕ್ಕೇ ಮೊದಲು 125 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸುವ ಕ್ರಮ.

2006ರ ಜುಲೈ 1ರಿಂದ ಐರೋಪ್ಯ ಒಕ್ಕೂಟ ಬಹುಪಾಲು ಉಪಕರಣಗಳಲ್ಲಿ ಸೀಸವನ್ನು ನಿರ್ಬಂಧಿಸಿದ್ದು ಬಿಡಿಸುವವರಿಗೆ ಬಿದ್ದ ದೊಡ್ಡ ಪೆಟ್ಟು. ತವರ ಮತ್ತು ಸೀಸದ 63/37 ಮಿಶ್ರಣ 183 ಡಿಗ್ರಿಯಲ್ಲಿ ಕರಗುತ್ತಿತ್ತು. ಅದರ ಜಾಗಕ್ಕೆ ಬಂದ ತವರ, ಬೆಳ್ಳಿ, ತಾಮ್ರದ ಮಿಶ್ರಣಕ್ಕೆ 217 ಡಿಗ್ರಿಯಾದರೂ ಬೇಕು. ಬೋರ್ಡ್ ತಡೆಯುವ ಬಿಸಿಗೂ ಬೆಸುಗೆ ಕರಗುವ ಬಿಸಿಗೂ ನಡುವಿನ ಅಂತರ ಕಿರಿದಾಯಿತು. 2007ರಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360ರ ದೋಷಕ್ಕಾಗಿ ನೂರು ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿಡಬೇಕಾಗಿ ಬಂದಾಗ ಎಲ್ಲರ ಬೆರಳೂ ಸೀಸವಿಲ್ಲದ ಬೆಸುಗೆಯ ಗುಂಡುಗಳತ್ತಲೇ ತಿರುಗಿತು. ಒಡೆದದ್ದು ಬೋರ್ಡಿನ ಮೇಲಲ್ಲ, ಚಿಪ್ಪಿನೊಳಗಿನ ಸಂಪರ್ಕ ಎಂದು ಕಂಪನಿಯವರೇ 2021ರಲ್ಲಿ ಹೇಳಿದರು. ಅಷ್ಟರಲ್ಲಿ ಜನ ಬೆಸುಗೆ ಮತ್ತೆ ಕೂಡಲೆಂದು ಆ ಯಂತ್ರವನ್ನು ಟವೆಲ್ಲಿನಲ್ಲಿ ಸುತ್ತಿ ಕಾಯಿಸಿ ಆಗಿತ್ತು.

ಬಿಸಿ ಏರಿಸಲಾಗದಿದ್ದರೆ ಕರಗುವ ಮಟ್ಟವನ್ನೇ ಇಳಿಸಬಹುದಲ್ಲ? ಬಿಸ್ಮತ್ ಬೆರೆಸಿದ, ಸುಮಾರು 58 ಡಿಗ್ರಿಯಲ್ಲೇ ಕರಗುವ ಲೋಹವನ್ನು ಹಳೆಯ ಬೆಸುಗೆಗೆ ಸೇರಿಸಿದರೆ ಇಡೀ ಮಿಶ್ರಣ ಬಹಳ ಹೊತ್ತು ದ್ರವವಾಗಿಯೇ ಉಳಿಯುತ್ತದೆ. ಸಾಮಾನ್ಯ ಐರನ್ ಇದ್ದವನೂ ನೂರು ಕಾಲಿನ ಐಸಿಯನ್ನು ಸುತ್ತಲೂ ಕಾಯಿಸಿ ಎತ್ತಬಲ್ಲ. ಆಮೇಲೆ ಪ್ಯಾಡ್‌ಗಳನ್ನು ಚೊಕ್ಕವಾಗಿ ಒರೆಸಲೇಬೇಕು. ಬಿಸ್ಮತ್ ಉಳಿದರೆ ಹೊಸ ಬೆಸುಗೆ ಬಲಗುಂದುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಜಾಣ ಉಪಾಯ ಇದೇ.

ಮೊಬೈಲ್ ತಯಾರಕರು ಚಿಪ್ಪಿನಡಿಗೆ ಎಪಾಕ್ಸಿ ಸುರಿಯತೊಡಗಿದ ಮೇಲೆ ಇದಕ್ಕೂ ಮಿತಿ ಬಂದಿದೆ. ಬೆಸುಗೆ ಕರಗಿದರೂ ಅಂಟು ಬಿಡುವುದಿಲ್ಲ, ಎತ್ತಿದರೆ ಪ್ಯಾಡ್‌ಗಳ ಸಮೇತ ಬರುತ್ತದೆ. ಅಂಥಲ್ಲಿ ಕೆಲವು ಅಂಗಡಿಯವರು ಬಿಸಿಯನ್ನೇ ಬಿಟ್ಟು, ಕಂಪ್ಯೂಟರ್ ನಡೆಸುವ ಪುಟ್ಟ ಮಿಲ್ಲಿಂಗ್ ಯಂತ್ರದಲ್ಲಿ ಚಿಪ್ಪನ್ನು ಪದರ ಪದರವಾಗಿ ಅರೆದು ತೆಗೆಯುತ್ತಿದ್ದಾರೆ. ಚಿಪ್ ಪುಡಿಯಾಗುತ್ತದೆ, ಬೋರ್ಡ್ ಉಳಿಯುತ್ತದೆ. ಒಳಗಿನ ಫೋಟೊ, ಸಂಪರ್ಕಗಳು ಬೇಕೆನ್ನುವ ಗಿರಾಕಿಯ ಮೆಮೊರಿ ಚಿಪ್ಪಿಗೆ ಮಾತ್ರ ಈ ಉಪಾಯ ನಡೆಯದು. ಅದನ್ನು ಬಿಸಿಗಾಳಿಯಲ್ಲಿ, ಅಂಟನ್ನು ಅಂಚಿನಿಂದ ತೆಳು ಬ್ಲೇಡಿನಲ್ಲಿ ಕೆರೆಯುತ್ತಲೇ ಬಿಡಿಸಬೇಕು.