ನಿಂತಲ್ಲೇ ನಿಲ್ಲಲು ಉಪಗ್ರಹದ ಹೆಣಗಾಟ

ಅಮೆರಿಕದ ಕೇಪ್ ಕೆನವೆರಲ್‌ನಿಂದ 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಉಪಗ್ರಹ ಏಳು ವರ್ಷ ದುಡಿಯಬೇಕಿತ್ತು. ಐದು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 6ರಂದು, ಅದನ್ನು ಕೈಬಿಡಬೇಕಾಯಿತು. ಅದು ಯಾವುದಕ್ಕೂ ಡಿಕ್ಕಿ ಹೊಡೆದಿರಲಿಲ್ಲ, ಸಿಡಿದೂ ಇರಲಿಲ್ಲ. ಇಂಧನ ಬರಿದಾಗಿತ್ತು.

ಕಕ್ಷೆ ಸೇರಿದ ಮೇಲೂ ಉಪಗ್ರಹಕ್ಕೆ ಇಂಧನವೇಕೆ ಎಂಬ ಪ್ರಶ್ನೆ ಸಹಜ. ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹ, ಭೂಮಿ ತನ್ನ ಅಕ್ಷದ ಮೇಲೆ ತಿರುಗುವಷ್ಟೇ ಹೊತ್ತಿನಲ್ಲಿ ಒಂದು ಸುತ್ತು ಮುಗಿಸುತ್ತದೆ. ಹಾಗಾಗಿ ನೆಲದಿಂದ ನೋಡಿದರೆ ಅದು ಒಂದೇ ಕಡೆ ನಿಂತಂತೆ ಕಾಣುತ್ತದೆ. ಇಂಥ ಉಪಗ್ರಹಗಳಿಂದ ಲೋಕಕ್ಕೆಲ್ಲ ಸಂಪರ್ಕ ಒದಗಿಸಬಹುದೆಂದು ಬ್ರಿಟನ್ನಿನ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ ಬರೆದಿದ್ದರು. ಅಮೆರಿಕದ ಸಿಂಕಾಮ್-3 ಅದನ್ನು 1964ರಲ್ಲಿ ಮಾಡಿ ತೋರಿಸಿತು. ಆದರೆ ನಿಂತಂತೆ ಕಾಣುವುದು ಬೇರೆ, ನಿಲ್ಲುವುದು ಬೇರೆ.

ಮೊದಲ ತಂಟೆ ಸೂರ್ಯ, ಚಂದ್ರರದು. ಇವೆರಡರ ಸೆಳೆತದಿಂದ ಉಪಗ್ರಹದ ಕಕ್ಷೆ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿಯಷ್ಟು ವಾಲುತ್ತದೆ. ಹಾಗೇ ಬಿಟ್ಟರೆ ಅದು ಪ್ರತಿದಿನ ಉತ್ತರಕ್ಕೂ ದಕ್ಷಿಣಕ್ಕೂ ಓಲಾಡತೊಡಗುತ್ತದೆ. ಮನೆಯ ಮೇಲೆ ಅಲುಗದೆ ಕುಳಿತ ಡಿಶ್ ಆಂಟೆನಾದ ನೋಟ ತಪ್ಪುತ್ತದೆ. ಇದನ್ನು ತಡೆಯಲು ಉಪಗ್ರಹದ ಪುಟ್ಟ ಎಂಜಿನುಗಳು ವರ್ಷಕ್ಕೆ ಒಟ್ಟು ಸೆಕೆಂಡಿಗೆ ಸುಮಾರು 50 ಮೀಟರಿನಷ್ಟು ವೇಗವನ್ನು ತುಂಬಿಕೊಡಬೇಕು. ಸ್ಥಾನ ಕಾಯುವ ಖರ್ಚಿನಲ್ಲಿ ಸಿಂಹಪಾಲು ಇದರದೇ.

ಎರಡನೆಯದು ಭೂಮಿಯದೇ ಆಕಾರದ ದೋಷ. ಸಮಭಾಜಕ ವೃತ್ತ ಪೂರ್ತಿ ದುಂಡಗಿಲ್ಲ. ಆದ್ದರಿಂದ ಉಪಗ್ರಹ ಪೂರ್ವಕ್ಕೋ ಪಶ್ಚಿಮಕ್ಕೋ ಮೆಲ್ಲಗೆ ಜಾರುತ್ತದೆ. ಜಾರಿ ಎಲ್ಲಿಗೆ ಹೋಗುತ್ತದೆ? ಆಕಾಶದಲ್ಲಿ ಅಂಥ ಎರಡು ತಗ್ಗುಗಳಿವೆ. ಒಂದು ಪಶ್ಚಿಮ ರೇಖಾಂಶ 105 ಡಿಗ್ರಿಯ ಬಳಿ, ಇನ್ನೊಂದು ಪೂರ್ವ ರೇಖಾಂಶ 75 ಡಿಗ್ರಿಯ ಬಳಿ. ಎರಡನೆಯದು ನಮ್ಮ ಹುಬ್ಬಳ್ಳಿಯ ರೇಖಾಂಶವೇ ಎಂಬುದು ಸ್ವಾರಸ್ಯ! ಇನ್ಸಾಟ್-1ಎಗೆ ಗೊತ್ತುಮಾಡಿದ್ದ ಜಾಗ 74 ಡಿಗ್ರಿ, ಅಂದರೆ ತಗ್ಗಿನ ಅಂಚಿನಲ್ಲೇ. ಪೂರ್ವ-ಪಶ್ಚಿಮದ ಜಾರಾಟ ಅಲ್ಲಿ ತೀರ ಕಡಿಮೆ.

ಹಾಗಿದ್ದೂ ಅದು ಸೋತದ್ದು ಮೂರನೆಯ ಶಕ್ತಿಯ ಕಾರಣದಿಂದ. ಬಿಸಿಲಿಗೂ ಒತ್ತಡವಿದೆ. ಭೂಮಿಯ ಮೇಲೆ ಅದು ಲೆಕ್ಕಕ್ಕಿಲ್ಲ. ಗಾಳಿಯೇ ಇಲ್ಲದ ಎತ್ತರದಲ್ಲಿ ಸದ್ದಿಲ್ಲದೆ ದೂಡುತ್ತಲೇ ಇರುತ್ತದೆ. ಇನ್ಸಾಟ್-1ಎಯ ಸೌರಫಲಕಗಳು ಒಂದೇ ಪಕ್ಕದಲ್ಲಿದ್ದವು. ಬಿಸಿಲಿನ ದೂಡಿಕೆಯನ್ನು ಸರಿದೂಗಿಸಲು ಇನ್ನೊಂದು ಪಕ್ಕದಲ್ಲಿ ಹಾಯಿಯಂಥ ಸಾಧನ ಇಟ್ಟಿದ್ದರು. ಆ ಹಾಯಿ ಬಿಚ್ಚಿಕೊಳ್ಳಲಿಲ್ಲ. ಉಪಗ್ರಹದ ಮುಖ ಭೂಮಿಯತ್ತ ಇರುವಂತೆ ನೋಡಿಕೊಳ್ಳಲು ಎಂಜಿನುಗಳನ್ನು ಮತ್ತೆ ಮತ್ತೆ ಬಳಸಬೇಕಾಯಿತು. ಸ್ಥಾನ ಕಾಯುವುದಕ್ಕೂ ಭಂಗಿ ಕಾಯುವುದಕ್ಕೂ ಇರುವುದು ಒಂದೇ ದಾಸ್ತಾನು. ಆ ವರ್ಷದ ನವೆಂಬರಿನಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟ ಆರಂಭವಾಗುವ ಹೊತ್ತಿಗೆ ದೇಶಕ್ಕೆ ಇನ್ಸಾಟ್ ಇರಲಿಲ್ಲ. 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೊರಟ ಇನ್ಸಾಟ್-1ಬಿ ಅದೇ ಜಾಗದಲ್ಲಿ ನಿಂತು ಏಳು ವರ್ಷದ ಆಯುಸ್ಸನ್ನು ಪೂರೈಸಿತು.

ಈ ಕಾವಲಿನ ಕೆಲಸ ನಡೆಯುವುದು ಹಾಸನದಲ್ಲಿ. 1982ರಲ್ಲಿ ಆರಂಭವಾದ ಅಲ್ಲಿನ ಮುಖ್ಯ ನಿಯಂತ್ರಣ ಕೇಂದ್ರಕ್ಕೆ 2005ರಿಂದ ಭೋಪಾಲದ ಕೇಂದ್ರವೂ ಜೊತೆಗೂಡಿದೆ. ಸಂಕೇತ ಕಳಿಸಿ, ಅದು ಮರಳಲು ಹಿಡಿಯುವ ಸಮಯ ಅಳೆದು ಉಪಗ್ರಹ ಎಲ್ಲಿದೆಯೆಂದು ಕಂಡುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ನಿಗದಿತ ಜಾಗದಿಂದ ಆಚೀಚೆ 0.1 ಡಿಗ್ರಿ, ಅಂದರೆ ಸುಮಾರು 74 ಕಿ.ಮೀ. ಮೀರಬಾರದು. ಇಂಧನ ಎಷ್ಟು ಉಳಿದಿದೆಯೆಂದು ತಿಳಿಯುವುದು ಮಾತ್ರ ಸುಲಭವಲ್ಲ. ತೂಕವಿಲ್ಲದ ಕಡೆ ತೊಟ್ಟಿಯ ಮಟ್ಟ ನೋಡುವುದು ಹೇಗೆ? ಪ್ರತಿ ಸಲ ಎಂಜಿನ್ ಉರಿದ ಲೆಕ್ಕವನ್ನು ಅಂಗಡಿಯ ಖಾತೆಯಂತೆ ಬರೆದಿಟ್ಟು ಕಳೆಯುತ್ತ ಹೋಗುವುದೇ ಹಳೆಯ ಕ್ರಮ.

ಈ ಖಾತೆಯಲ್ಲಿ ಕೊನೆಯ ಖರ್ಚಿಗೂ ಒಂದಿಷ್ಟು ಎತ್ತಿಡಬೇಕು. ಸತ್ತ ಉಪಗ್ರಹ ಕಕ್ಷೆಯಲ್ಲೇ ಉಳಿದರೆ ನೆರೆಯವರಿಗೆ ಅಪಾಯ. 2007ರಲ್ಲಿ ಹಾರಿದ್ದ ಇನ್ಸಾಟ್-4ಬಿಯನ್ನು 2022ರ ಜನವರಿಯಲ್ಲಿ ಹಂತ ಹಂತವಾಗಿ ಮೇಲಕ್ಕೆ ತಳ್ಳಲಾಯಿತು. ತನ್ನ ಹಳೆಯ ಕಕ್ಷೆಗಿಂತ ಸುಮಾರು 340 ಕಿ.ಮೀ. ಎತ್ತರ ಸೇರಿದ ಮೇಲೆ ಅದನ್ನು ನಿಷ್ಕ್ರಿಯಗೊಳಿಸಿದರು.